ಶಾಲೆ ಮುಚ್ಚಬಹುದು, ರಿಜಿಸ್ಟರ್ ಕಳೆಯಬಾರದು

ಜೂನ್ ತಿಂಗಳಲ್ಲಿ ಮುಂಬಯಿಯ ಶಾಲೆಗಳು ಮಳೆಯ ಜೊತೆಗೇ ಬಾಗಿಲು ತೆರೆಯುತ್ತವೆ. ಕನ್ನಡ ಮಾಧ್ಯಮದ ಶಾಲೆಗಳ ಪಾಲಿಗೆ ಅದು ಎದೆ ಢವಗುಟ್ಟುವ ತಿಂಗಳು. ಒಂದನೆಯ ತರಗತಿಗೆ ಮಕ್ಕಳು ಸಿಕ್ಕರೇ, ಎಂಟನೆಯ ತರಗತಿ ಉಳಿಯಿತೇ, ಯಾವ ಶಿಕ್ಷಕರ ಹೆಸರು ‘ಹೆಚ್ಚುವರಿ’ ಪಟ್ಟಿಗೆ ಸೇರಿತು ಎಂಬ ಮಾತುಗಳೇ ಕೇಳಿಬರುತ್ತವೆ. ಎಲ್ಲಿಯಾದರೂ ಒಂದು ಕನ್ನಡ ಶಾಲೆ ಮುಚ್ಚಿತೆಂದು ಸುದ್ದಿ ಬಂದರೆ ನಾಲ್ಕು ದಿನ ಖೇದ, ಖಂಡನೆ, ಮನವಿಪತ್ರ ಎಲ್ಲವೂ ಆಗುತ್ತದೆ. ಐದನೆಯ ದಿನ ಮರೆವು. ಈ ಗದ್ದಲದಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ಶಾಲೆಯ ಜನರಲ್ ರಿಜಿಸ್ಟರ್ ಎಲ್ಲಿ ಹೋಯಿತು?

ಮಹಾರಾಷ್ಟ್ರದ ಶಾಲೆಗಳಲ್ಲಿ ಜನರಲ್ ರಿಜಿಸ್ಟರ್ ಎಂಬುದು ಶಾಶ್ವತವಾಗಿ ಕಾಯ್ದಿಡಬೇಕಾದ ದಾಖಲೆ. ಶಾಲೆಗೆ ಸೇರಿದ ಪ್ರತಿಯೊಂದು ಮಗುವಿಗೂ ಅದರಲ್ಲಿ ಒಂದು ಕ್ರಮಸಂಖ್ಯೆ, ಒಂದು ಸಾಲು. ಹೆಸರು, ಜಾತಿ, ಹುಟ್ಟಿದ ಊರು, ಹುಟ್ಟಿದ ತಾರೀಕು, ಹಿಂದೆ ಓದಿದ ಶಾಲೆ, ಸೇರಿದ ದಿನ, ಬಿಟ್ಟ ದಿನ, ಕೊನೆಗೆ ಬಿಡಲು ಕಾರಣ. ನಾವು ‘ದಾಖಲಾ’ ಎಂದು ಕರೆಯುವ ಲೀವಿಂಗ್ ಸರ್ಟಿಫಿಕೇಟ್ ಆ ಸಾಲಿನ ನಕಲು, ಅಷ್ಟೇ. ಮೂಲ ಇರುವುದು ಆ ದಪ್ಪ ರಟ್ಟಿನ ಪುಸ್ತಕದಲ್ಲಿ.

ಆ ಪುಸ್ತಕದ ಬೆಲೆ ತಿಳಿಯಬೇಕಾದರೆ ಮುಂಬಯಿ ಕನ್ನಡಿಗರ ವಿದ್ಯಾಭ್ಯಾಸ ನಡೆದುಬಂದ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡಬೇಕು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮ ಹಿರಿಯರ ಮೊದಲ ಶಾಲೆ ಹಗಲಿನದಲ್ಲ, ರಾತ್ರಿಯದು. 1902ರಲ್ಲಿ ಸ್ಥಾಪನೆಗೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿಯ ರಾತ್ರಿ ಶಾಲೆ, ಬಿಲ್ಲವರ ಅಸೋಸಿಯೇಶನ್ ನಡೆಸಿದ ಗುರುನಾರಾಯಣ ರಾತ್ರಿ ಹೈಸ್ಕೂಲು ಮುಂತಾದವುಗಳ ಹೆಸರನ್ನು ಇಂದಿಗೂ ನಮ್ಮ ಸಭೆಗಳಲ್ಲಿ ಕೃತಜ್ಞತೆಯಿಂದ ನೆನೆಯುವವರಿದ್ದಾರೆ. ಹಗಲೆಲ್ಲ ಹೋಟೆಲಿನಲ್ಲಿ ಗ್ಲಾಸು ತೊಳೆದು, ಕಚೇರಿಗಳ ಕ್ಯಾಂಟೀನಿನಲ್ಲಿ ಚಹಾ ಹಂಚಿ, ಸಂಜೆ ಕೈಕಾಲು ಮುಖ ತೊಳೆದುಕೊಂಡು ಪಾಟಿಚೀಲ ಹಿಡಿದ ಹುಡುಗರು ಅಲ್ಲಿ ಬೆಂಚಿನ ಮೇಲೆ ಕುಳಿತರು. ಒಂದೇ ತರಗತಿಯಲ್ಲಿ ಹದಿಮೂರರ ಪೋರನೂ ಮೀಸೆ ಬಂದ ಯುವಕನೂ ಇರುತ್ತಿದ್ದರು. ನಿದ್ದೆ ತೂಗಿದರೆ ಮಾಸ್ತರರು ಗದರುತ್ತಿದ್ದರು, ಮರುಕ್ಷಣವೇ ಊಟವಾಯಿತೇ ಎಂದು ವಿಚಾರಿಸುತ್ತಿದ್ದರು. ತರಗತಿ ಮುಗಿದ ಮೇಲೆ ಮತ್ತೆ ಹೋಟೆಲು, ಮೇಜುಗಳನ್ನು ಜೋಡಿಸಿ ಅದರ ಮೇಲೆ ನಿದ್ದೆ.

ಆ ಹುಡುಗರಿಗೆ ಎಸ್ಸೆಸ್ಸಿ ಎಂಬ ಮೂರಕ್ಷರ ಎಷ್ಟು ದೊಡ್ಡದಾಗಿತ್ತೆಂಬುದು ಇಂದಿನ ಮಕ್ಕಳಿಗೆ ಅರ್ಥವಾಗಲಾರದು. ಮಹಾರಾಷ್ಟ್ರದಲ್ಲಿ ಹತ್ತನೆಯ ತರಗತಿಗೇ ಎಸ್ಸೆಸ್ಸಿ ಪರೀಕ್ಷೆ ಆರಂಭವಾದದ್ದು 1975ರಲ್ಲಿ. ಅದಕ್ಕೆ ಮೊದಲು ಹನ್ನೊಂದನೆಯ ತರಗತಿ ದಾಟಬೇಕಿತ್ತು. ಅದನ್ನು ದಾಟಿದವನಿಗೆ ಕಚೇರಿಯ ಬಾಗಿಲು ತೆರೆಯುತ್ತಿತ್ತು. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಅವುಗಳಲ್ಲಿ ನಮ್ಮ ಕರಾವಳಿಯಲ್ಲೇ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಇದ್ದವು. ಶಾಖೆಗಳು ಹೆಚ್ಚಿದವು, ಕೆಲಸಗಳು ಹುಟ್ಟಿದವು. ಹೋಟೆಲಿನ ಮಾಣಿ ಬ್ಯಾಂಕಿನ ಪ್ಯೂನ್ ಆದ, ಪ್ಯೂನ್ ಆದವನು ಸಂಜೆ ಕಾಲೇಜಿಗೆ ಹೋಗಿ ಗುಮಾಸ್ತನಾದ. ಈ ಏಣಿಯ ಮೊದಲ ಮೆಟ್ಟಿಲು ರಾತ್ರಿ ಶಾಲೆಯ ರಿಜಿಸ್ಟರಿನ ಆ ಒಂದು ಸಾಲು.

ಕಾಲ ಕಳೆದಂತೆ ಸಂಸಾರಗಳು ಬಂದವು. ಫೋರ್ಟ್, ಗಿರ್ಗಾಂವ್, ಪರೇಲಿನ ಇಕ್ಕಟ್ಟಿನ ಖೋಲಿಗಳಿಂದ ನಮ್ಮವರು ಉಪನಗರಗಳ ಕಡೆಗೆ ಸರಿದರು. ಕುರ್ಲಾ, ಚೆಂಬೂರು, ಘಾಟ್ಕೋಪರ್, ವಿಕ್ರೋಲಿ, ಮುಲುಂಡ್ ಒಂದು ಕಡೆ, ಅಂಧೇರಿ, ಗೋರೆಗಾಂವ್, ಮಲಾಡ್ ಇನ್ನೊಂದು ಕಡೆ. ಅಲ್ಲಿಂದಾಚೆಗೆ ಥಾಣೆ, ಡೊಂಬಿವಲಿ, ಕಲ್ಯಾಣ. ದುಡಿಯುವ ಗಂಡಸಿಗೆ ರಾತ್ರಿ ಶಾಲೆ ಸಾಕಾಗಿತ್ತು, ಅವನ ಮಕ್ಕಳಿಗೆ ಹಗಲಿನ ಶಾಲೆ ಬೇಕಾಯಿತು. ಮುಂಬಯಿ ಮಹಾನಗರಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು ಶಾಲೆಗಳ ಜೊತೆಗೆ ಕನ್ನಡ ಶಾಲೆಗಳನ್ನೂ ನಡೆಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂಬ 350ಎ ವಿಧಿ 1956ರಲ್ಲೇ ಸಂವಿಧಾನಕ್ಕೆ ಸೇರಿತ್ತು. ಪ್ರಾಥಮಿಕ ಮುಗಿಸಿದ ಮಕ್ಕಳು ಮುಂದೆಲ್ಲಿಗೆ ಹೋಗಬೇಕು? ಆ ಪ್ರಶ್ನೆಗೆ ಉತ್ತರವಾಗಿ ಎದ್ದು ನಿಂತವು ನಮ್ಮ ಸಂಘಗಳ ಹೈಸ್ಕೂಲುಗಳು. ಚೆಂಬೂರು ಕರ್ನಾಟಕ ಸಂಘದ ವಿದ್ಯಾಸಾಗರ, ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ ಇವು ಎಲ್ಲರೂ ಬಲ್ಲ ಹೆಸರುಗಳು. ಸಂಘಗಳ ಕಾರ್ಯಕರ್ತರು ಮನೆಮನೆಗೆ ಹೋಗಿ ವಂತಿಗೆ ಎತ್ತಿದರು, ಸಹಾಯಾರ್ಥ ನಾಟಕ, ಯಕ್ಷಗಾನ ಆಡಿಸಿ ಟಿಕೇಟು ಮಾರಿದರು, ಸರಕಾರಿ ಮಾನ್ಯತೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಯಾರೂ ಇದನ್ನು ಲಾಭಕ್ಕಾಗಿ ಮಾಡಲಿಲ್ಲ.

ಉಪನಗರದ ಕನ್ನಡ ಹೈಸ್ಕೂಲಿನ ವಿದ್ಯಾರ್ಥಿಯ ಬದುಕು ಊರಿನ ಹುಡುಗನದಕ್ಕಿಂತ ಬೇರೆಯಾಗಿತ್ತು. ಮನೆಯಲ್ಲಿ ತುಳು ಅಥವಾ ಕೊಂಕಣಿ, ತರಗತಿಯಲ್ಲಿ ಕನ್ನಡ, ಚಾಳಿನ ಅಂಗಳದಲ್ಲಿ ಮರಾಠಿ, ಸಿನಿಮಾ ಹಾಡಿನಲ್ಲಿ ಹಿಂದಿ, ಬೋರ್ಡಿನ ಪರೀಕ್ಷೆಗೆ ಇಂಗ್ಲಿಷ್. ಐದು ಭಾಷೆ ಬಾಯಲ್ಲಿ ಹೊರಳುವ ಹೊತ್ತಿಗೆ ಹುಡುಗನಿಗೆ ಹದಿನೈದೂ ತುಂಬಿರುತ್ತಿರಲಿಲ್ಲ. ಪುಣೆಯಲ್ಲಿ 1967ರಲ್ಲಿ ಸ್ಥಾಪನೆಯಾದ ಪಠ್ಯಪುಸ್ತಕ ಮಂಡಳಿ, ಅಂದರೆ ನಮ್ಮ ‘ಬಾಲಭಾರತಿ’, ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕಿತು. ಕರ್ನಾಟಕದ ಮಕ್ಕಳು ಕಿತ್ತೂರು ಚೆನ್ನಮ್ಮನ ಪಾಠ ಓದುವ ವಯಸ್ಸಿನಲ್ಲಿ ಇಲ್ಲಿನ ನಾಲ್ಕನೆಯ ತರಗತಿಯ ಕನ್ನಡ ಮಕ್ಕಳು ಛತ್ರಪತಿ ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲೇ ಓದಿದರು. ಸಹ್ಯಾದ್ರಿ ಅವರಿಗೆ ಘಟ್ಟದ ಮೇಲಿನದೂ ಹೌದು, ರಾಯಗಡದ್ದೂ ಹೌದು. ಮಹಾರಾಷ್ಟ್ರದ ಮಣ್ಣನ್ನು ಕರ್ಮಭೂಮಿ ಎಂದು ನಾವು ವೇದಿಕೆಯಿಂದ ಹೇಳುವುದಕ್ಕೆ ಎಷ್ಟೋ ಮೊದಲೇ ನಮ್ಮ ಶಾಲೆಗಳು ಅದನ್ನು ಮಕ್ಕಳಿಗೆ ಕಲಿಸಿದ್ದವು.

ವರ್ಷಕ್ಕೊಮ್ಮೆ ಬರುವ ‘ಗ್ಯಾದರಿಂಗ್’ ಮಕ್ಕಳಿಗಷ್ಟೇ ಅಲ್ಲ, ಇಡೀ ಬಡಾವಣೆಗೆ ಹಬ್ಬ. ಹಿಂದಿ ಹಾಡಿನ ನೃತ್ಯದ ನಂತರ ಯಕ್ಷಗಾನದ ಒಂದು ತುಣುಕು, ನಡುವೆ ಮರಾಠಿ ಕೋಲಿ ನೃತ್ಯ. ಪಾತ್ರಧಾರಿಗೆ ಬಣ್ಣ ಹಚ್ಚುವವರು ಚಿತ್ರಕಲೆಯ ಮಾಸ್ತರರು, ಸೀರೆ ಉಡಿಸುವವರು ಅಕ್ಕಪಕ್ಕದ ತಾಯಂದಿರು. ಜನವರಿ 26ಕ್ಕೂ ಆಗಸ್ಟ್ 15ಕ್ಕೂ ಧ್ವಜ ಏರಿಸಲು ಬರುವ ಅತಿಥಿ ಹೆಚ್ಚಾಗಿ ಒಬ್ಬ ಹೋಟೆಲ್ ಉದ್ಯಮಿ. ಮಕ್ಕಳಿಗೆ ಅವರ ಭಾಷಣಕ್ಕಿಂತ ಅವರು ಕಳಿಸಿದ ಬಟಾಟೆವಡೆಯೇ ಹೆಚ್ಚು ಪ್ರಿಯ.

ಈ ಚಿತ್ರ ಬದಲಾಗಿದೆ, ಬದಲಾದ ಬಗೆಯನ್ನು ಮುಚ್ಚಿಡುವ ಅಗತ್ಯವಿಲ್ಲ. ಕರಾವಳಿಯ ಕುಟುಂಬಗಳು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಂತೆ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದವು. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಮರಾಠಿ ಶಾಲೆಗಳಿಗೂ ಅದೇ ಗತಿ ಬಂದಿದೆ. 2000ದಲ್ಲಿ ಮಹಾರಾಷ್ಟ್ರ ಸರಕಾರ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ಆರಂಭಿಸಿತು, ಗಣಿತ ಮತ್ತು ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸುವ ‘ಸೆಮಿ ಇಂಗ್ಲಿಷ್’ ಪದ್ಧತಿಯೂ ಬಂತು. ಆದರೂ ಹೊಳೆ ಹಿಂದಕ್ಕೆ ಹರಿಯಲಿಲ್ಲ. ನಮ್ಮ ಸಂಘಗಳೇ ಇಂಗ್ಲಿಷ್ ಮಾಧ್ಯಮದ ಶಾಲೆಗಳನ್ನು ಕಟ್ಟಿದವು. ಬಂಟರ ಸಂಘದ ಪೊವಾಯಿಯ ಎಸ್.ಎಂ. ಶೆಟ್ಟಿ ವಿದ್ಯಾಸಂಕುಲ, ಮೊಗವೀರ ಮಂಡಳಿಯ ಅಂಧೇರಿಯ ಎಂವಿಎಂ ಇಂದು ಎಲ್ಲ ಭಾಷಿಕರ ಮಕ್ಕಳಿಗೂ ವಿದ್ಯೆ ನೀಡುತ್ತಿವೆ. ಅದು ಹೆಮ್ಮೆಯ ಸಂಗತಿಯೇ.

ಹಾಗಾದರೆ ಕನ್ನಡ ಮಾಧ್ಯಮದ ಬೆಂಚುಗಳಲ್ಲಿ ಉಳಿದವರು ಯಾರು? ಬಹುಮಟ್ಟಿಗೆ ಕಲಬುರ್ಗಿ, ವಿಜಯಪುರ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ, ರಸ್ತೆಯ ಕೆಲಸಕ್ಕೆ ಬಂದವರ ಮಕ್ಕಳು. ನಮ್ಮ ಹಿರಿಯರು ಹೋಟೆಲಿನ ಮೇಜಿನ ಮೇಲೆ ಮಲಗಿದಂತೆ ಇವರ ತಂದೆತಾಯಂದಿರು ಕಟ್ಟುತ್ತಿರುವ ಕಟ್ಟಡದ ನೆರಳಿನಲ್ಲೇ ಮಲಗುತ್ತಾರೆ. ಕೆಲಸ ಮುಗಿದ ಕೂಡಲೇ ಜಾಗ ಬದಲಾಗುತ್ತದೆ, ಮಗು ಶಾಲೆ ಬಿಡುತ್ತದೆ. ರಿಜಿಸ್ಟರಿನ ‘ಬಿಡಲು ಕಾರಣ’ ಎಂಬ ಕಲಮಿನಲ್ಲಿ ಒಂದೆರಡು ಪದ ಬೀಳುತ್ತದೆ. ಆ ಮಗು ಇಲ್ಲಿ ಓದಿತ್ತು ಎಂಬುದಕ್ಕೆ ಜಗತ್ತಿನಲ್ಲಿ ಬೇರೆ ಪುರಾವೆಯೇ ಇರುವುದಿಲ್ಲ.

ಪುರಾವೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮಹಾರಾಷ್ಟ್ರದಲ್ಲಿ ಮೀಸಲಾತಿಯ ಲಾಭ ಪಡೆಯಲು ಜಾತಿ ಪ್ರಮಾಣಪತ್ರದ ಸಿಂಧುತ್ವ ಪರಿಶೀಲನೆ ಆಗಬೇಕು. ಅದಕ್ಕೆ ಪರಿಶಿಷ್ಟ ಜಾತಿಯವರಾದರೆ 1950ರ ಆಗಸ್ಟ್ 10, ವಿಮುಕ್ತ ಜಾತಿ ಮತ್ತು ಅಲೆಮಾರಿ ಬುಡಕಟ್ಟುಗಳಾದರೆ 1961ರ ನವೆಂಬರ್ 21, ಇತರ ಹಿಂದುಳಿದ ವರ್ಗದವರಾದರೆ 1967ರ ಅಕ್ಟೋಬರ್ 13 ಎಂಬ ತಾರೀಕುಗಳಿಗೆ ಮೊದಲಿನ ದಾಖಲೆ ಕೇಳುತ್ತಾರೆ. ಹೊಟ್ಟೆಪಾಡಿಗೆ ಬಂದ ಅಜ್ಜನ ಹೆಸರಿನಲ್ಲಿ ಮನೆ ಇರಲಿಲ್ಲ, ಜಮೀನು ಇರಲಿಲ್ಲ, ಬಾಡಿಗೆ ಚೀಟಿಯೂ ಇರಲಿಲ್ಲ. ಇದ್ದದ್ದು ಒಂದೇ, ರಾತ್ರಿ ಶಾಲೆಯಲ್ಲಿ ಬರೆಸಿದ ಹೆಸರು. ಮೊಮ್ಮಗಳ ಎಂಜಿನಿಯರಿಂಗ್ ಸೀಟು ಆ ಮಸಿ ಮಾಸಿದ ಸಾಲಿನ ಮೇಲೆ ನಿಂತಿರಬಹುದು. ಹುಟ್ಟಿದ ದಿನಾಂಕದ ವಿಷಯವೂ ಹಾಗೆಯೇ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಆಧಾರ. ಅದಕ್ಕಿಂತ ಮೊದಲು ಹುಟ್ಟಿ, ಜನನ ನೋಂದಣಿ ಇಲ್ಲದ ಹಿರಿಯರಿಗೆ ಶಾಲೆಯ ದಾಖಲೆಯೇ ದೊಡ್ಡ ಆಸರೆ.

ಇಂಥ ಪುಸ್ತಕಗಳು ಎಷ್ಟು ಸುಲಭವಾಗಿ ನಾಶವಾಗಬಲ್ಲವು ಎಂಬುದನ್ನು ಮುಂಬಯಿಗರಿಗೆ ಹೇಳಿಕೊಡಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಉಪನಗರಗಳ ತಳಅಂತಸ್ತುಗಳೆಲ್ಲ ಮುಳುಗಿದವು. ಹಳೆಯ ಕಾಗದಪತ್ರಗಳನ್ನು ಇಡುವುದು ಸಾಮಾನ್ಯವಾಗಿ ತಳಅಂತಸ್ತಿನ ಕಪಾಟಿನಲ್ಲೇ. ಮಳೆ ಬಿಟ್ಟರೆ ಗೆದ್ದಲು, ಗೆದ್ದಲು ಬಿಟ್ಟರೆ ಕಟ್ಟಡದ ರೀಡೆವಲಪ್‌ಮೆಂಟ್. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ರದ್ದಿವಾಲಾ ತೂಕಕ್ಕೆ ಹಾಕುವುದು ಇಂಥ ರಟ್ಟಿನ ಪುಸ್ತಕಗಳನ್ನೇ.

ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದಲ್ಲಿ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಕರಾವಳಿಯ ಮೂರು ಹೆಸರುಗಳು ಬೋರ್ಡಿನಿಂದ ಇಳಿದವು. ನಮಗೆಲ್ಲ ನೋವಾಯಿತು. ಆದರೆ ಖಾತೆದಾರನ ಲೆಕ್ಕ ಹೊಸ ಬ್ಯಾಂಕಿನ ಪುಸ್ತಕಕ್ಕೆ ಹೋಗಿ ಸೇರಿತು. ಹಣದ ಲೆಕ್ಕಕ್ಕೆ ಇಷ್ಟು ಕಾಳಜಿ ಇರುವ ಸಮಾಜದಲ್ಲಿ ಮಕ್ಕಳ ಲೆಕ್ಕಕ್ಕೆ ಅದರ ಅರ್ಧದಷ್ಟಾದರೂ ಕಾಳಜಿ ಬೇಡವೇ?

ಆದ್ದರಿಂದ ನಮ್ಮ ಕನ್ನಡ ಸಂಘಗಳ ಮುಂದೆ ನಾಲ್ಕು ಸರಳ ಕೆಲಸಗಳನ್ನು ಇಡುತ್ತಿದ್ದೇವೆ. ಮೊದಲನೆಯದು, ಮುಂಬಯಿ ಮತ್ತು ಉಪನಗರಗಳಲ್ಲಿ ಇರುವ ಹಾಗೂ ಮುಚ್ಚಿದ ಎಲ್ಲ ಕನ್ನಡ ಶಾಲೆಗಳ, ರಾತ್ರಿ ಶಾಲೆಗಳ ಒಂದು ಪಟ್ಟಿ. ಯಾವ ವರ್ಷ ಆರಂಭ, ಯಾವ ವರ್ಷ ಮುಕ್ತಾಯ, ರಿಜಿಸ್ಟರ್ ಈಗ ಯಾರ ವಶದಲ್ಲಿದೆ, ಇಷ್ಟು ಸಾಕು. ಎರಡನೆಯದು, ಮುಖ್ಯೋಪಾಧ್ಯಾಯರ ಹಾಗೂ ಶಿಕ್ಷಣಾಧಿಕಾರಿಗಳ ಅನುಮತಿ ಪಡೆದು ಪುಟಪುಟವನ್ನೂ ಸ್ಕ್ಯಾನ್ ಮಾಡಿಸಿ ಒಂದು ಪ್ರತಿಯನ್ನು ಸುರಕ್ಷಿತವಾಗಿ ಇಡುವುದು. ಮೂಲ ಪುಸ್ತಕ ಇರಬೇಕಾದ ಕಡೆಯೇ ಇರಲಿ. ಮೂರನೆಯದು, ನಿವೃತ್ತ ಶಿಕ್ಷಕ ಶಿಕ್ಷಕಿಯರ ಮಾತುಗಳನ್ನು ಧ್ವನಿಮುದ್ರಿಸುವುದು. ಅವರಲ್ಲಿ ಹಲವರು ಈಗ ಎಂಬತ್ತು ದಾಟಿದ್ದಾರೆ, ಈ ಕೆಲಸ ಮುಂದಿನ ವರ್ಷಕ್ಕೆ ಕಾಯುವಂಥದ್ದಲ್ಲ. ನಾಲ್ಕನೆಯದು, ಗ್ಯಾದರಿಂಗಿನ ಫೋಟೋ, ಕೈಬರಹದ ಪತ್ರಿಕೆ, ಸ್ಮರಣ ಸಂಚಿಕೆಗಳನ್ನು ಹಳೆ ವಿದ್ಯಾರ್ಥಿಗಳಿಂದ ಸಂಗ್ರಹಿಸುವುದು.

ಒಂದು ಎಚ್ಚರಿಕೆಯೂ ಇರಲಿ. ರಿಜಿಸ್ಟರಿನಲ್ಲಿ ಜಾತಿ, ಹುಟ್ಟಿದ ದಿನ, ಶಾಲೆ ಬಿಟ್ಟ ಕಾರಣ ಎಲ್ಲವೂ ಇರುತ್ತದೆ. ಅದು ವಾಟ್ಸಾಪಿನಲ್ಲಿ ಹಂಚುವ ವಸ್ತುವಲ್ಲ. ಸಂಬಂಧಪಟ್ಟವರು ಕೇಳಿದಾಗ ಅವರ ಸಾಲು ಅವರಿಗೆ ಸಿಗಬೇಕು, ಇತರರಿಗೆ ಒಟ್ಟು ಚಿತ್ರ ಮಾತ್ರ. ಆ ಒಟ್ಟು ಚಿತ್ರವೂ ಅಮೂಲ್ಯವೇ. ಯಾವ ದಶಕದಲ್ಲಿ ಯಾವ ತಾಲೂಕಿನಿಂದ ಮಕ್ಕಳು ಬಂದರು, ಹೆಣ್ಣುಮಕ್ಕಳ ಹೆಸರು ಯಾವಾಗ ಹೆಚ್ಚಿತು, 1982ರ ಗಿರಣಿ ಮುಷ್ಕರದ ನಂತರ ಎಷ್ಟು ಮಕ್ಕಳು ಊರಿಗೆ ಮರಳಿದರು, ಇವೆಲ್ಲ ಅದರಿಂದ ತಿಳಿಯುತ್ತದೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಸಂಶೋಧನೆ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಆಕರ ಎಲ್ಲಿ ಸಿಕ್ಕೀತು?

ನಮ್ಮ ಸಂಘಗಳ ಸ್ಮರಣ ಸಂಚಿಕೆಗಳಲ್ಲಿ ಕಟ್ಟಡಕ್ಕೆ ದಾನ ಕೊಟ್ಟವರ ಭಾವಚಿತ್ರಗಳಿವೆ, ಅಧ್ಯಕ್ಷರುಗಳ ಸಾಲುಸಾಲು ಹೆಸರುಗಳಿವೆ. ಅವರೆಲ್ಲ ಸ್ಮರಣೀಯರೇ. ಆದರೆ ಆ ಕಟ್ಟಡ ಎದ್ದದ್ದು ಯಾರಿಗಾಗಿಯೋ ಅವರ ಹೆಸರುಗಳಿರುವುದು ಒಂದೇ ಒಂದು ಪುಸ್ತಕದಲ್ಲಿ. ಬರುವ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೊಂದು ಸಾಲು ಸಿಗಲಿ. ಸದಸ್ಯರು ಎದ್ದುನಿಂತು ಕೇಳಲಿ, ನಮ್ಮ ಶಾಲೆಯ ಜನರಲ್ ರಿಜಿಸ್ಟರ್ ಈಗ ಎಲ್ಲಿದೆ, ಅದರ ಬೀಗದ ಕೈ ಯಾರ ಬಳಿ ಇದೆ ಎಂದು.