ಕಾರಿಗಿದೆ ಜಾಗ, ಕೂಸಿಗಿಲ್ಲ!

ಮೈಸೂರು: ಸರಸ್ವತಿಪುರಂ, ಕುವೆಂಪುನಗರ, ವಿಜಯನಗರ, ಯಾವ ಕಡೆಯ ಸಿಟಿ ಬಸ್ಸನ್ನಾದರೂ ಹತ್ತಿ ಕಿಟಕಿ ಪಕ್ಕ ಕೂತು ನೋಡಿ. ಒಂದು ಮನೆ, ಮುಂದೆ ಅಂಗಳ, ಮೂಲೆಯಲ್ಲಿ ತೆಂಗಿನ ಮರ ಇದ್ದ ಕಡೆ ಈಗ ನಾಲ್ಕಂತಸ್ತಿನ ಅಪಾರ್ಟ್‌ಮೆಂಟು. ಒಂದು ಸಂಸಾರ ಇದ್ದಲ್ಲಿ ಹದಿನಾರು ಸಂಸಾರ. ತಪ್ಪೇನಿಲ್ಲ, ಜನಕ್ಕೆ ಸೂರು ಬೇಕು. ಆದರೆ ಆ ಹದಿನಾರು ಮನೆ ಮಕ್ಕಳು ಆಡೋದೆಲ್ಲಿ ಸ್ವಾಮಿ?

ಸಂಜೆ ಐದಕ್ಕೆ ಯಾವುದಾದರೂ ಗೇಟಿನೊಳಗೆ ಇಣುಕಿ. ಕಂಬಗಳ ನಡುವೆ ಕಾರು, ಕಾರುಗಳ ನಡುವೆ ಸ್ಕೂಟರು, ಅದರ ಸಂದಿಯಲ್ಲಿ ಚೆಂಡು ಹಿಡಿದ ಹುಡುಗರು. ರಿವರ್ಸ್ ಬರುವ ಕಾರಿನವನಿಗೆ ಮೂರಡಿ ಎತ್ತರದ ಮಗು ಕಾಣುವುದಿಲ್ಲ. ವಾಚ್‌ಮನ್ ಗದರಿಸಿ ಓಡಿಸಿದರೆ ಹುಡುಗರು ರಸ್ತೆಗೆ ಬರುತ್ತಾರೆ. ಆಗ ಎದುರಂಗಡಿಯ ಯಜಮಾನರಿಗೆ ಗಾಜಿನ ಜಾಡಿಯ ಚಿಂತೆ, ಬಸ್ ಡ್ರೈವರ್‌ಗೆ ಬ್ರೇಕಿನ ಚಿಂತೆ. ಕಾಂಪೌಂಡಿನೊಳಗೆ ಬಗೆಹರಿಯಬೇಕಾದ ತಾಪತ್ರಯ ಬೀದಿಗೆ ಬಿದ್ದಿದೆ.

ಜಾಗ ಯಾರದು?

ಇದು ಯಾರೋ ಮಾಡುವ ದಾನದ ಮಾತಲ್ಲ. ಫ್ಲ್ಯಾಟು ಕೊಂಡವರು ನಾಲ್ಕು ಗೋಡೆಗಷ್ಟೇ ದುಡ್ಡು ಕೊಟ್ಟಿಲ್ಲ. ಕ್ರಯಪತ್ರ ತೆಗೆದು ಓದಿ, ಜಮೀನಿನಲ್ಲಿ ಇಂತಿಷ್ಟು ಅವಿಭಾಜ್ಯ ಪಾಲು ಅಂತ ಬರೆದಿರುತ್ತೆ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಅಂಗಳ, ತೋಟ, ವಾಹನ ನಿಲ್ಲಿಸುವ ಜಾಗಗಳನ್ನು ಎಲ್ಲರಿಗೂ ಸೇರಿದ ಜಾಗ ಎನ್ನುತ್ತದೆ. 2016ರ ರೇರಾ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಉದ್ಯಾನ ಮತ್ತು ಆಟದ ಜಾಗವನ್ನು ಹೆಸರು ಹಿಡಿದೇ ಆ ಪಟ್ಟಿಗೆ ಸೇರಿಸಿತು. ಆ ಕಾಯ್ದೆಗೆ ಒಳಪಟ್ಟ ಕಟ್ಟಡಗಳಲ್ಲಿ ನಕ್ಷೆಯಲ್ಲಿ ತೋರಿಸಿದ ಸಾಮಾನ್ಯ ಜಾಗವನ್ನು ಬಿಲ್ಡರ್ ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ. ಕೊಂಡವರಲ್ಲಿ ಮೂರನೇ ಎರಡು ಪಾಲು ಜನ ಮೊದಲೇ ಬರವಣಿಗೆಯಲ್ಲಿ ಒಪ್ಪಬೇಕು.

ಕೋರ್ಟುಗಳೂ ಸುಮ್ಮನೆ ಕೂತಿಲ್ಲ. ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಸುಪ್ರೀಂ ಕೋರ್ಟಿನವರೆಗೂ ಬಡಿದಾಡಿ 1991ರಲ್ಲಿ ಗೆದ್ದರು. ಮುಂಬೈನ ಇನ್ನೊಂದು ಮೊಕದ್ದಮೆಯಲ್ಲಿ, ಬಯಲಲ್ಲಿ ಮತ್ತು ಕಂಬಗಳ ಕೆಳಗೆ ವಾಹನ ನಿಲ್ಲಿಸುವ ಜಾಗವನ್ನು ಬಿಲ್ಡರ್ ಬೇರೆಯಾಗಿ ಮಾರುವ ಹಾಗಿಲ್ಲ ಎಂದು 2010ರಲ್ಲಿ ಅದೇ ಕೋರ್ಟು ಹೇಳಿತು. ಆದ್ದರಿಂದ ನಕ್ಷೆಯಲ್ಲಿ ಆಟದ ಜಾಗ ಅಂತ ಇದ್ದು, ನೆಲದ ಮೇಲೆ ಕಾರಿನ ನಂಬರು ಬರೆದಿದ್ದರೆ ಕೇಳುವ ಹಕ್ಕು ನಿಮಗಿದೆ.

ಸಭೆಯಲ್ಲಿ ಆಗುವ ಕಥೆ

ಕಾನೂನು ಹೀಗಿದ್ದರೂ ಜಾಗ ಏಕೆ ಸಿಗುವುದಿಲ್ಲ? ಸಂಘದ ಸಭೆಗೆ ಹೋದರೆ ಗೊತ್ತಾಗುತ್ತೆ. ಎರಡನೇ ಕಾರು ಇರುವವರು ಜಾಗ ಬಿಡೋಲ್ಲ. ಮಕ್ಕಳು ದೊಡ್ಡವರಾಗಿ ಊರು ಬಿಟ್ಟವರು ‘ನಾನ್ಯಾಕ್ರೀ ದುಡ್ಡು ಕೊಡಲಿ?’ ಅಂತಾರೆ. ಕೆಳಗಿನ ಮನೆಯ ಹಿರಿಯರಿಗೆ ಮಧ್ಯಾಹ್ನದ ನಿದ್ದೆ ಕೆಡುವ ಭಯ. ಚಿಕ್ಕ ಮಕ್ಕಳಿರುವ ಬಾಡಿಗೆದಾರರಿಗೆ ಓಟಿಲ್ಲ. ಓಟಿರುವ ಮಾಲೀಕರು ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಕೊನೆಗೆ ‘ಮುಂದಿನ ಸಭೆಯಲ್ಲಿ ಪರಿಶೀಲಿಸಲಾಗುವುದು’ ಎಂದು ಬರೆದು ಪುಸ್ತಕ ಮುಚ್ಚುತ್ತಾರೆ. ಅಷ್ಟರಲ್ಲಿ ಮಗು ಎಸ್ಸೆಸ್ಸೆಲ್ಸಿಗೆ ಬಂದಿರುತ್ತೆ!

ಹಿರಿಯರ ಮಾತನ್ನು ತಳ್ಳಿಹಾಕುವಂತಿಲ್ಲ. ಅವರೂ ಆ ಜಾಗದ ಪಾಲುದಾರರೇ. ಸಂಜೆ ನಾಲ್ಕರಿಂದ ಏಳು ಆಟ, ಮಧ್ಯಾಹ್ನ ಮೌನ ಎಂದು ನಿಯಮ ಮಾಡಿ, ಮರದ ಕೆಳಗೆ ಎರಡು ಕಲ್ಲುಬೆಂಚು ಹಾಕಿದರೆ ಅವರೂ ಬಂದು ಕೂರುತ್ತಾರೆ, ಮಕ್ಕಳ ಮೇಲೊಂದು ಕಣ್ಣೂ ಇರುತ್ತೆ. ಆದರೆ ಎರಡನೇ ಕಾರಿನವರ ವಾದ ಬೇರೆ. ಎಲ್ಲರ ಜಾಗವನ್ನು ಒಬ್ಬರೇ ಪುಕ್ಕಟೆ ಬಳಸುವುದಕ್ಕೆ ನ್ಯಾಯ ಎಲ್ಲಿದೆ?

ಬೇಕಾದ್ದು ಎಷ್ಟು?

ಮೈದಾನವೇ ಬೇಕೆಂದು ಯಾರೂ ಹೇಳುತ್ತಿಲ್ಲ. ಒಂದು ಕಾರು ನಿಲ್ಲಲು ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಮೂರು ಕಾರಿನ ಜಾಗ ಬಿಟ್ಟರೆ ನಾನೂರು ಚದರಡಿ. ಪುಟ್ಟ ಮಕ್ಕಳಿಗೆ ಮರಳಿನ ಗುಂಡಿ, ಒಂದು ಜಾರುಬಂಡೆ, ಕುಂಟೆಬಿಲ್ಲೆಗೆ ಗೆರೆ, ಇಷ್ಟಕ್ಕೆ ಅದು ಸಾಕು.

ಉಯ್ಯಾಲೆ ಹಾಕುವ ಮುಂಚೆ ಮಾತ್ರ ಟೇಪು ಹಿಡಿಯಿರಿ. ತೂಗುಹಾಕುವ ಕಂಬಿ ಎಷ್ಟು ಎತ್ತರವೋ ಅದರ ಎರಡರಷ್ಟು ಬಯಲು ಮುಂದೂ ಹಿಂದೂ ಇರಬೇಕು. ಎಂಟಡಿ ಎತ್ತರದ ಉಯ್ಯಾಲೆಗೆ ಆ ಕಡೆ ಹದಿನಾರು, ಈ ಕಡೆ ಹದಿನಾರು ಅಡಿ. ಅಷ್ಟು ಜಾಗ ಇಲ್ಲದಿದ್ದರೆ ಉಯ್ಯಾಲೆ ಬೇಡವೇ ಬೇಡ. ಅದಕ್ಕಿಂತ ದೊಡ್ಡ ತಪ್ಪು ಜಾರುಬಂಡೆಯ ಕೆಳಗೆ ಕಾಂಕ್ರೀಟು ಬಿಡುವುದು. ನಾಲ್ಕಡಿ ಎತ್ತರದಿಂದ ಬೀಳುವ ಮಗುವಿಗೆ ಕೆಳಗೆ ಒಂಬತ್ತು ಅಂಗುಲವಾದರೂ ಸಡಿಲ ಮರಳು ಬೇಕು. ಬೆಕ್ಕು ಗಲೀಜು ಮಾಡದಂತೆ ರಾತ್ರಿ ಟಾರ್ಪಾಲು ಮುಚ್ಚಬೇಕು. ತಗಡಿನ ಜಾರುಬಂಡೆಯನ್ನು ಬಿಸಿಲಿಗೆ ನಿಲ್ಲಿಸಿದರೆ ಏಪ್ರಿಲ್‌ನಲ್ಲಿ ಅದು ಕಾದ ಕಾವಲಿ, ಹೊಂಗೆ ಮರದ ನೆರಳಿಗೆ ಹಾಕಿ. ತಿಂಗಳಿಗೊಮ್ಮೆ ಬೋಲ್ಟು ಬಿಗಿಮಾಡುವ ಕೆಲಸ ಯಾರದು ಅಂತ ಮೊದಲೇ ಬರೆದಿಡಿ. ಉದ್ಘಾಟನೆಗೆ ರಿಬ್ಬನ್ ಕತ್ತರಿಸಿ, ವರ್ಷದೊಳಗೆ ತುಕ್ಕು ಹಿಡಿಸುವುದರಲ್ಲಿ ನಮ್ಮವರು ನಿಸ್ಸೀಮರು!

ಇನ್ನೊಂದು ಮಾತು. ವಾಚ್‌ಮನ್ನನ ಮಗಳು, ಮನೆಗೆಲಸಕ್ಕೆ ಬರುವ ತಾಯಿಯ ಜೊತೆ ಬಂದ ಹುಡುಗ ಆ ಜಾರುಬಂಡೆ ಹತ್ತಬಹುದೋ ಇಲ್ಲವೋ? ಮಕ್ಕಳಿಗೆ ಆಡುವ ಹಕ್ಕಿದೆ ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. 1992ರಲ್ಲಿ ಭಾರತವೂ ಒಪ್ಪಿ ಸೇರಿದೆ. ಅದರಲ್ಲಿ ಫ್ಲ್ಯಾಟಿನ ಮಕ್ಕಳು ಮಾತ್ರ ಅಂತ ಬರೆದಿಲ್ಲ. ಜಾರುಬಂಡೆಗೆ ಯಾವ ಮನೆ ಮಗು ಅಂತ ಗೊತ್ತಾಗೋಲ್ಲ, ಗೊತ್ತುಮಾಡಿಸುವವರು ದೊಡ್ಡವರೇ.

ಅಪಾರ್ಟ್‌ಮೆಂಟಿನಲ್ಲಿರುವ ಓದುಗರು ಈ ಭಾನುವಾರ ಒಂದು ಕೆಲಸ ಮಾಡಿ. ಸಂಘದ ಕಾರ್ಯದರ್ಶಿಯ ಹತ್ತಿರ ಮಂಜೂರಾದ ನಕ್ಷೆಯ ಪ್ರತಿ ಕೇಳಿ, ಅದನ್ನು ಹಿಡಿದು ಕೆಳಗಿಳಿದು ಅಳೆಯಿರಿ. ಲೆಕ್ಕ ತಪ್ಪಿದ್ದರೆ ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಕಾರು ಹೊರಗೆ ನಿಂತರೆ ಧೂಳು ಹಿಡಿಯುತ್ತೆ, ಒರೆಸಿದರೆ ಹೋಗುತ್ತೆ. ರಸ್ತೆಗಿಳಿದ ಮಗುವಿಗೆ ಆಗಬಾರದ್ದು ಆದರೆ ಒರೆಸಿ ಸರಿಮಾಡೋರು ಯಾರು?