ದೀಪದ ಬುಡದ ಕತ್ತಲೆ: ಕ್ರೀಡಾ ಮನೋವಿಜ್ಞಾನಿಗೂ ಬೇಕು ಆತ್ಮಾವಲೋಕನ

ಸಂತ ಸೇವಾಲಾಲರ ಜನ್ಮಸ್ಥಳವಾದ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಆಸುಪಾಸಿನ ತಾಂಡಾವೊಂದರ ಬಾಲಕಿ ಕ್ರೀಡಾ ವಸತಿ ನಿಲಯ ಸೇರಿದಳೆಂದು ಭಾವಿಸೋಣ. ಮನೆಯಲ್ಲಿ ಅವಳ ಮಾತು ಲಂಬಾಣಿ, ಶಾಲೆಯಲ್ಲಿ ಕನ್ನಡ. ನಗರದಿಂದ ಬಂದ ಕ್ರೀಡಾ ಮನೋವಿಜ್ಞಾನಿಯ ಪ್ರಶ್ನಾವಳಿ ಇಂಗ್ಲಿಷಿನದು. ಬಾಲಕಿ ಮೌನವಾಗುತ್ತಾಳೆ. ‘ಆತ್ಮವಿಶ್ವಾಸದ ಕೊರತೆ’ ಎಂದು ವರದಿ ಸಿದ್ಧವಾಗುತ್ತದೆ. ಆ ಒಂದು ಸಾಲು ತಂಡದಲ್ಲಿ ಅವಳ ಸ್ಥಾನವನ್ನೇ ಕಸಿಯಬಹುದು. ಕೊರತೆ ಇದ್ದುದು ಬಾಲಕಿಯಲ್ಲೋ, ಪ್ರಶ್ನಾವಳಿಯಲ್ಲೋ ಎಂದು ಕೇಳುವವರಾರು?

ತಜ್ಞರು ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳುವ ಶಿಸ್ತೇ ವೃತ್ತಿಪರ ಆತ್ಮಾವಲೋಕನ. ಕೆಲಸದ ನಡುವೆ ಮತ್ತು ಕೆಲಸದ ನಂತರ ನಡೆಯುವ ಚಿಂತನೆಗಳನ್ನು ಅಮೆರಿಕದ ಡೊನಾಲ್ಡ್ ಶೋನ್ 1983ರಲ್ಲಿ ವಿಂಗಡಿಸಿ ತೋರಿಸಿದರು. ನಡೆದುದೇನು, ಅನಿಸಿದ್ದೇನು, ಸರಿ-ತಪ್ಪುಗಳಾವುವು, ಕಾರಣವೇನು, ಕಲಿತದ್ದೇನು, ಮುಂದೇನು ಎಂಬ ಆರು ಹಂತಗಳ ಚಕ್ರವನ್ನು ಗ್ರಹಾಂ ಗಿಬ್ಸ್ 1988ರಲ್ಲಿ ರೂಪಿಸಿದರು. ಬ್ರಿಟನ್ನಿನಲ್ಲಿ ಈ ವೃತ್ತಿಗೆ ಬರುವವರು ಹಿರಿಯರ ಮೇಲ್ವಿಚಾರಣೆಯಲ್ಲಿ ಇಂತಹ ಅವಲೋಕನಗಳನ್ನು ಬರೆದಿಡುವುದು ತರಬೇತಿಯ ಭಾಗವೇ ಆಗಿದೆ.

ತಪ್ಪೊಪ್ಪಿಕೊಂಡರೆ ಗೌರವ ಕುಗ್ಗೀತೆಂಬ ಭಯ ಸಹಜ. ಆದರೆ 2008ರಿಂದ 2011ರವರೆಗೆ ಭಾರತ ಕ್ರಿಕೆಟ್ ತಂಡದ ಮನೋಬಲ ತರಬೇತುದಾರರಾಗಿದ್ದ ದಕ್ಷಿಣ ಆಫ್ರಿಕದ ಪ್ಯಾಡಿ ಅಪ್ಟನ್, 2019ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಸ್ವಂತ ತಪ್ಪುಗಳನ್ನು ಮುಚ್ಚಿಡದೆ ಬರೆದರು. ಅನಂತರವೂ, 2022ರಲ್ಲಿ ಕನ್ನಡಿಗ ರಾಹುಲ್ ದ್ರಾವಿಡ್ ಮುಖ್ಯ ತರಬೇತುದಾರರಾಗಿದ್ದಾಗ ತಂಡ ಅವರನ್ನು ಮರಳಿ ಕರೆಯಿತು. 2024ರಲ್ಲಿ ಚದುರಂಗದ ವಿಶ್ವ ಚಾಂಪಿಯನ್ ಆದ ಡಿ. ಗುಕೇಶ್ ಕೂಡ ಅವರ ನೆರವು ಪಡೆದರು.

ನಮ್ಮಲ್ಲಿ 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಡಿ ಚಿಕಿತ್ಸಾ ಮನೋವಿಜ್ಞಾನಿಗಳಿಗೆ ನೋಂದಣಿಯಿದೆ. ಆ ಪಟ್ಟಿಯಲ್ಲಿ ಕ್ರೀಡಾ ಮನೋವಿಜ್ಞಾನಿಯ ಹೆಸರಿಲ್ಲ. ಹೊರಗಿನ ಕಾವಲು ಇಲ್ಲದ ಕಡೆ ಒಳಗಿನ ಕಾವಲು ಇನ್ನಷ್ಟು ಅಗತ್ಯ.

ಬರಿಯ ದಿನಚರಿ ಬರೆದರೆ ಸಾಲದು. ತನ್ನನ್ನು ತಾನೇ ಸಮರ್ಥಿಸಿಕೊಳ್ಳುವ ಬರಹವೂ ಆತ್ಮಾವಲೋಕನದ ವೇಷ ತೊಡಬಲ್ಲದು. ಆದ್ದರಿಂದ ಕ್ರೀಡಾಪಟುವಿನ ಗೋಪ್ಯತೆ ಕಾಯ್ದುಕೊಂಡು, ಆ ಟಿಪ್ಪಣಿಯನ್ನು ಪ್ರಶ್ನಿಸಬಲ್ಲ ಹಿರಿಯರೊಬ್ಬರು ಬೇಕು. ಅದಕ್ಕೆ ಸಂಬಳದ ಸಮಯವೂ ಬೇಕು. ಕ್ರೀಡಾ ಇಲಾಖೆ ಮತ್ತು ಅಕಾಡೆಮಿಗಳು ತಜ್ಞರನ್ನು ನೇಮಿಸುವಾಗಲೇ ಇದನ್ನು ಷರತ್ತಾಗಿ ಸೇರಿಸಿದರೆ ದೊಡ್ಡ ವೆಚ್ಚವೇನೂ ಆಗದು.

ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತೇವೆ. ಅನ್ಯರ ಮನಸ್ಸಿಗೆ ಬೆಳಕು ಹಿಡಿಯುವವರು ತಮ್ಮ ಬುಡವನ್ನೂ ನೋಡಿಕೊಂಡರೆ, ತಾಂಡಾದ ಬಾಲಕಿಗೆ ಮುಂದಿನ ಬಾರಿ ಪ್ರಶ್ನೆಯಾದರೂ ಅವಳ ಭಾಷೆಯಲ್ಲಿ ಎದುರಾದೀತು.