ಕೊಟ್ಟಿಗೆಯ ನೆಲ ಸರಿಯಿದೆ, ಬಚ್ಚಲಿನ ನೆಲ?

ಹೈನುಗಾರಿಕೆ ಮಾಡುವ ಅಕ್ಕತಂಗಿಯರೇ,

ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಖನಿಜ ಮಿಶ್ರಣ, ಕರುಗಳ ಜಂತುಹುಳು ಇಂಥ ವಿಷಯಗಳನ್ನು ಬರೆಯುತ್ತೇನೆ. ಈ ಸಲ ಬಚ್ಚಲುಮನೆಯ ಬಗ್ಗೆ ಬರೆಯುತ್ತಿದ್ದೇನೆ. ದನದ ಡಾಕ್ಟರಮ್ಮನಿಗೆ ನಮ್ಮ ಬಚ್ಚಲಿನ ಉಸಾಬರಿ ಯಾಕೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಕರೆ ಬಂತು. ಹಸು ನೋವು ತಿನ್ನುತ್ತಿದೆ, ಕರುವಿನ ಒಂದೇ ಕಾಲು ಕಾಣುತ್ತಿದೆ ಎಂದರು. ಹೋಗಿ, ಒಳಗೆ ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ಸರಿಪಡಿಸಿ ಕರು ಹೊರತೆಗೆಯುವಷ್ಟರಲ್ಲಿ ಹನ್ನೊಂದು ಗಂಟೆಯಾಗಿತ್ತು. ಹೆಣ್ಣು ಕರು. ಮನೆಯವರಿಗೆ ಸಂತೋಷ, ನನಗೂ ಸಂತೋಷ. ಕೊಟ್ಟಿಗೆಯನ್ನೂ ಅಚ್ಚುಕಟ್ಟಾಗಿ ಇಟ್ಟಿದ್ದರು. ಗೀರು ಹಾಕಿದ ಕಾಂಕ್ರೀಟ್ ನೆಲ, ಹಿಂದಕ್ಕೆ ಇಳಿಜಾರು, ಗಂಜಲ ಹರಿಯಲು ಕಾಲುವೆ, ಹಸು ಮಲಗಲು ರಬ್ಬರ್ ಮ್ಯಾಟ್, ಒಳ್ಳೆಯ ಬೆಳಕು.

ಕೈ ತೊಳೆಯಲು ಬಚ್ಚಲಿಗೆ ಹೋದೆ. "ಹುಷಾರು ಮೇಡಂ, ಜಾರ್ತದೆ. ಎಡಗಡೆ ಕಲ್ಲಿನ ಮೇಲೆ ಕಾಲಿಡಿ" ಎಂದು ಆ ಅಕ್ಕ ಮೊಬೈಲಿನ ಬೆಳಕು ಹಿಡಿದರು. ಅಲ್ಲಿ ಬಲ್ಬು ಇರಲಿಲ್ಲ. ಪಾಚಿ ಹಿಡಿದ ನುಣುಪು ಚಪ್ಪಡಿ, ಮೂಲೆಯಲ್ಲಿ ನಿಂತ ನೀರು, ಚಿಲಕವಿಲ್ಲದ ತಗಡಿನ ಬಾಗಿಲು. ಹೊರಗೆ ಬಂದಾಗ ನಡುಮನೆಯಲ್ಲಿ ಅವರ ಅತ್ತೆ ಮಲಗಿದ್ದರು. ಹಿಂದಿನ ವರ್ಷ ಅದೇ ಬಚ್ಚಲಲ್ಲಿ ಜಾರಿ ಅವರ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಖರ್ಚಿಗೆ ಹಾಲು ಕರೆಯುವ ಒಂದು ಹಸುವನ್ನು ಮಾರಿದ್ದರು.

"ಅತ್ತೆ ಬಿದ್ದ ಮೇಲೂ ಸರಿ ಮಾಡಿಸಲಿಲ್ವಾ ಅಕ್ಕ?" ಎಂದು ಕೇಳಿದೆ.

"ಹೊಸ ಮನೆ ಕಟ್ಟಿಸುವಾಗ ಟೈಲ್ಸ್ ಹಾಕಿಸಿ ಒಟ್ಟಿಗೇ ಮಾಡಿಸೋಣ ಅಂತ ಬಿಟ್ಟಿದೀವಿ ಮೇಡಂ. ಈಗ ಅಷ್ಟು ದುಡ್ಡು ಎಲ್ಲಿಂದ ತರೋದು" ಎಂದರು.

ಈ ಉತ್ತರವನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ನನ್ನ ಅಭಿಪ್ರಾಯ ಬೇರೆ. ಬಚ್ಚಲು ಸರಿಯಾಗಲು ಹೊಸ ಮನೆಯೂ ಬೇಡ, ಟೈಲ್ಸೂ ಬೇಡ. ಇಳಿಜಾರು, ಜಾರದ ನೆಲ, ನೀರು ಹೋಗುವ ದಾರಿ, ಗಾಳಿ ಬೆಳಕು, ಚಿಲಕ ಇಷ್ಟಿದ್ದರೆ ಸಾಕು. ಇವುಗಳಲ್ಲಿ ಹೆಚ್ಚಿನವನ್ನು ಹಸುವಿಗಾಗಿ ನೀವು ಆಗಲೇ ಮಾಡಿದ್ದೀರಿ. ಕೊಟ್ಟಿಗೆಗೆ ಐದು ಅಡಿಗೆ ಒಂದು ಅಂಗುಲ ಇಳಿಜಾರು ಬೇಕು, ನುಣುಪು ಗಾರೆಯಲ್ಲಿ ಹಸು ಜಾರುತ್ತದೆ ಎಂದು ನನಗಿಂತ ಮೊದಲು ನೀವೇ ಮೇಸ್ತ್ರಿಗೆ ಹೇಳುತ್ತೀರಿ. ಅದೇ ಬುದ್ಧಿಯನ್ನು ನಿಮಗಾಗಿ ಬಳಸಿ ಎಂಬುದಷ್ಟೇ ನನ್ನ ಮಾತು.

ಇದು ಹೈನುಗಾರಿಕೆಗೆ ಸಂಬಂಧಪಟ್ಟ ವಿಷಯವೇ. ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ಹಸುವಿನಿಂದ ಮನುಷ್ಯರಿಗೆ ಬರುತ್ತದೆ. ಸತ್ತು ಬಿದ್ದ ಕಂದು, ಮಾಸು, ಆ ಸಮಯದ ನೀರು ಇವುಗಳನ್ನು ಮುಟ್ಟಿದ ಮೇಲೆ ತಕ್ಷಣ ಸೋಪಿನಿಂದ ಕೈ ಮೈ ತೊಳೆದು ಬಟ್ಟೆ ಬದಲಿಸಬೇಕು ಎಂದು ನಾವು ಪ್ರತಿ ಶಿಬಿರದಲ್ಲೂ ಹೇಳುತ್ತೇವೆ. ಆದರೆ ಚಿಲಕವಿಲ್ಲದ ಬಚ್ಚಲಲ್ಲಿ ಹಗಲು ಹೊತ್ತು ಯಾವ ಹೆಂಗಸು ಸ್ನಾನ ಮಾಡುತ್ತಾಳೆ? ಕತ್ತಲಾಗಲಿ ಎಂದು ಅದೇ ಬಟ್ಟೆಯಲ್ಲೇ ಅಡುಗೆ ಮಾಡಿ, ಮಗುವನ್ನೂ ಎತ್ತಿಕೊಳ್ಳುತ್ತಾಳೆ. ಇಲಿಜ್ವರವೂ ಹೀಗೆಯೇ. ಇಲಿ ಮತ್ತು ದನಗಳ ಮೂತ್ರ ಬೆರೆತ ನಿಂತ ನೀರಿನಿಂದ, ಕಾಲಿನ ಬಿರುಕು ಮತ್ತು ಗಾಯಗಳ ಮೂಲಕ ಅದು ಒಳಗೆ ಹೋಗುತ್ತದೆ. ಬಚ್ಚಲ ನೀರು ನಿಲ್ಲದಂತೆ ಮಾಡುವುದು ನನ್ನ ಲೆಕ್ಕದಲ್ಲಿ ಲಸಿಕೆ ಹಾಕಿಸಿದಷ್ಟೇ ಮುಖ್ಯ.

ನಾನು ಬರೀ ಬೋಧನೆ ಮಾಡುತ್ತಿಲ್ಲ. ನಾನಿರುವ ಹಳೆಯ ಬಾಡಿಗೆ ಮನೆಯ ಬಚ್ಚಲು 4 ಅಡಿ ಅಗಲ, 5 ಅಡಿ ಉದ್ದ. ಮನೆಯ ಮಾಲೀಕರನ್ನು ಕೇಳಿ ನಾನೇ ಸರಿ ಮಾಡಿಕೊಂಡೆ. ಕಲಿತದ್ದನ್ನು ಹೇಳುತ್ತೇನೆ.

ಮೊದಲು ಒಂದು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತದೆ, ಎಲ್ಲಿ ಗೋಡೆಗೆ ಇಳಿಯುತ್ತದೆ ನೋಡಿ. ಪೈಪು ಸೋರುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ. ಸೋರುವ ಗೋಡೆಗೆ ಬಣ್ಣ ಬಳಿದರೆ ದುಡ್ಡು ದಂಡ.

ಚಪ್ಪಡಿ ಗಟ್ಟಿಯಾಗಿದ್ದರೆ ಕೀಳುವುದು ಬೇಡ. ಪಾಚಿ ಉಜ್ಜಿ ತೆಗೆದು, ಚಾಣ ಸುತ್ತಿಗೆಯಿಂದ ಕಲ್ಲಿನ ಮೇಲೆಲ್ಲ ಕಚ್ಚು ಹೊಡೆಯಿರಿ. ಹಾಗೆ ಮಾಡಿದರೆ ಹೊಸ ಗಾರೆ ಹಿಡಿದುಕೊಳ್ಳುತ್ತದೆ. ಕಲ್ಲು ಒದ್ದೆ ಮಾಡಿ, ಸಿಮೆಂಟಿನ ತೆಳು ಗಂಜಿ ಬಳಿದು, ಅದರ ಮೇಲೆ ಒಂದು ಪಾಲು ಸಿಮೆಂಟು ನಾಲ್ಕು ಪಾಲು ಮರಳಿನ ಗಾರೆಯನ್ನು ಒಂದೂವರೆ ಅಂಗುಲ ಹಾಕಬೇಕು. ವಾಟರ್‌ಪ್ರೂಫ್ ದ್ರಾವಣವನ್ನು ಡಬ್ಬಿಯ ಮೇಲಿನ ಅಳತೆಯಂತೆ ಬೆರೆಸಿ. ಅಷ್ಟು ಚಿಕ್ಕ ಬಚ್ಚಲಿನ ನೆಲಕ್ಕೂ, ಗೋಡೆಯ ಕೆಳಗಿನ ಮೂರು ಅಡಿಗೂ 50 ಕೆಜಿಯ ಒಂದು ಮೂಟೆ ಸಿಮೆಂಟು ಸಾಕಾಗುತ್ತದೆ.

ನಾನು ತಪ್ಪಿದ್ದು ಇಳಿಜಾರಿನಲ್ಲಿ. ಕಣ್ಣಂದಾಜಿನಲ್ಲಿ ಗಾರೆ ಹಾಕಿದೆ. ನೀರು ಬಾಗಿಲ ಕಡೆಗೆ ಓಡಿತು. ಮಾರನೆಯ ದಿನ ಅರ್ಧ ನೆಲ ಕಿತ್ತು ಮತ್ತೆ ಹಾಕಬೇಕಾಯಿತು. ಎರಡನೆಯ ಸಲ ಒಬ್ಬ ಮೇಸ್ತ್ರಿಯನ್ನು ಒಂದು ದಿನಕ್ಕೆ ಕರೆದು ಮಟ್ಟ ಹಿಡಿಸಿದೆ, ಉಳಿದದ್ದನ್ನು ನಾನು ಮಾಡಿದೆ. ನೀವೂ ಹಾಗೇ ಮಾಡಿ. ದೂರದ ಮೂಲೆಯಿಂದ ನೀರು ಹೋಗುವ ತೂತಿಗೆ ಅರ್ಧದಿಂದ ಮುಕ್ಕಾಲು ಅಂಗುಲ ಇಳಿದರೆ ಸಾಕು. ನೆಲ ಎತ್ತರವಾಗುವುದರಿಂದ ನೀರು ಮನೆಯೊಳಗೆ ಬರದಂತೆ ಬಾಗಿಲಲ್ಲಿ ಸಣ್ಣ ಕಟ್ಟೆ ಕಟ್ಟಿಸಿ. ತೂತಿಗೆ ನಹಾನಿ ಟ್ರ್ಯಾಪ್ ಕೂರಿಸಿದರೆ ಅದರಲ್ಲಿ ಸದಾ ಸ್ವಲ್ಪ ನೀರು ನಿಂತು ವಾಸನೆ ಮತ್ತು ಜಿರಳೆ ಮೇಲೆ ಬರುವುದಿಲ್ಲ.

ನೆಲವನ್ನು ಕರಣೆಯಿಂದ ನುಣುಪು ಮಾಡಲು ಬಿಡಬೇಡಿ. ಗಾರೆ ಹಸಿಯಿರುವಾಗಲೇ ಕಡ್ಡಿ ಪೊರಕೆಯಿಂದ ಅಡ್ಡಕ್ಕೆ ಗೀರಿದರೆ ಕಾಲು ಜಾರುವುದಿಲ್ಲ. ಆಮೇಲೆ ಏಳು ದಿನ ನೀರು ಹಾಕಿ ನೆನೆಸಬೇಕು. ಆ ವಾರ ಸ್ನಾನಕ್ಕೆ ಪಕ್ಕದ ಮನೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ನನಗಾದ ಖರ್ಚು: ಸಿಮೆಂಟು 400, ಐದು ಚೀಲ ಎಂ-ಸ್ಯಾಂಡ್ 300, ವಾಟರ್‌ಪ್ರೂಫ್ ದ್ರಾವಣ 200, ಟ್ರ್ಯಾಪ್ ಮತ್ತು ಪೈಪು 350, ಮೇಸ್ತ್ರಿ ಕೂಲಿ 900, ಗೋಡೆಗೆ ಬಣ್ಣ 250, ಬಾಗಿಲ ಕೆಳಗಿನ ತಗಡು 300, ಚಿಲಕ ಮತ್ತು ಹಿಡಿದುಕೊಳ್ಳಲು ಗೋಡೆಗೆ ಹಾಕಿಸಿದ ಕಬ್ಬಿಣದ ಪೈಪು 300. ಒಟ್ಟು 3,000 ರೂಪಾಯಿ. ನಿಮ್ಮ ಊರಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು. ಹಾಲಿನ ಬಟವಾಡೆಯಲ್ಲಿ ಹಿಂಡಿ, ಬೂಸಾ, ಸಾಲದ ಕಂತು ಕಳೆದು ಉಳಿಯುವುದು ಎಷ್ಟೆಂದು ನನಗೆ ಗೊತ್ತು. ಒಂದೇ ಸಲ ಆಗದಿದ್ದರೆ ಮೊದಲ ತಿಂಗಳು ಚಿಲಕ ಮತ್ತು ಹಿಡಿಕೆ, ಮುಂದಿನ ತಿಂಗಳು ನೆಲ, ಆಮೇಲೆ ಬಣ್ಣ. ದುಡ್ಡಿದ್ದರೂ ಮೊದಲು ಅಂದ ನೋಡಬೇಡಿ. ಇಳಿಜಾರಿಲ್ಲದ ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿಸಿದರೆ ಹಳೇ ಚಪ್ಪಡಿಗಿಂತ ಹೆಚ್ಚು ಜಾರುತ್ತದೆ.

ಕೆಲವು ಎಚ್ಚರಿಕೆಗಳು. ಹಸಿ ಸಿಮೆಂಟು ಕೈ ಸುಡುತ್ತದೆ, ಚರ್ಮ ಬಿರಿಯುತ್ತದೆ. ಬಿರಿದ ಕೈಯಲ್ಲಿ ಕೆಚ್ಚಲು ಬಾವಿನ ರೋಗಾಣು ಉಳಿದು ಹಸುವಿಗೆ ಹರಡಬಹುದು, ಆದ್ದರಿಂದ ರಬ್ಬರ್ ಕೈಗವಸು ಹಾಕಿಕೊಂಡೇ ಕೆಲಸ ಮಾಡಿ. ಪಾಚಿ ತೆಗೆಯಲು ಬ್ಲೀಚಿಂಗ್ ಪೌಡರ್ ಆಗಲಿ ಆಸಿಡ್ ಆಗಲಿ ಒಂದನ್ನೇ ಬಳಸಿ. ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ. ವೈರಿಂಗ್ ಕೆಲಸಕ್ಕೆ ಮಾತ್ರ ನೀವು ಕೈ ಹಾಕಬೇಡಿ. ಬಲ್ಬಿನ ಸ್ವಿಚ್ಚು ಬಚ್ಚಲ ಹೊರಗಿರಲಿ. ನೀರು ಕಾಯಿಸುವ ರಾಡ್ ಬಳಸುವವರು ಪ್ಲಗ್ ತೆಗೆದ ಮೇಲೆಯೇ ನೀರು ಮುಟ್ಟಬೇಕು. ಹಂಡೆ ಒಲೆ ಅಥವಾ ಗ್ಯಾಸ್ ಗೀಸರ್ ಬಚ್ಚಲೊಳಗೇ ಇದ್ದರೆ ಮೇಲುಗಡೆ ಜಾಲರಿ ಕಿಂಡಿ ಇರಲೇಬೇಕು. ಮುಚ್ಚಿದ ಜಾಗದಲ್ಲಿ ಅದರ ಗಾಳಿ ಗೊತ್ತಾಗದಂತೆಯೇ ಪ್ರಾಣ ತೆಗೆಯುತ್ತದೆ.

ಹೊರಗೆ ಹೋದ ನೀರು ಕೊಟ್ಟಿಗೆ ಮುಂದೆ ನಿಲ್ಲಬಾರದು. ನೇಪಿಯರ್ ಹುಲ್ಲಿನ ಬುಡಕ್ಕೋ ಬಾಳೆ ಬುಡಕ್ಕೋ ಬಿಡಿ, ಇಲ್ಲವೇ ಇಂಗುಗುಂಡಿ ಮಾಡಿ. ಉದ್ಯೋಗ ಖಾತರಿಯಲ್ಲಿ ಬಚ್ಚಲು ಗುಂಡಿ ಮಾಡಿಸಿಕೊಂಡ ಮನೆಗಳು ನಮ್ಮಲ್ಲಿ ಇವೆ. ನಿಮಗೂ ಸಿಗುತ್ತದೆಯೇ ಎಂದು ಪಂಚಾಯಿತಿಯಲ್ಲಿ ವಿಚಾರಿಸಿ.

ಇನ್ನೊಂದು ಮಾತು. ರಬ್ಬರ್ ಮ್ಯಾಟ್ ಬೇಕು, ಹಾಲು ಕರೆಯುವ ಯಂತ್ರ ಬೇಕು ಎಂದು ಸಂಘದ ಸಭೆಯಲ್ಲಿ ನಾವು ಕೇಳುತ್ತೇವೆ. ಕೇಳಲೇಬೇಕು. ಹಾಗೆಯೇ ಬಚ್ಚಲು ರಿಪೇರಿಗೆ ಒಂದು ಸಣ್ಣ ಮುಂಗಡ, ಕಂತಿನಲ್ಲಿ ಹಾಲಿನ ಬಿಲ್ಲಿನಿಂದ ಹಿಡಿದುಕೊಳ್ಳುವಂತೆ, ಯಾಕೆ ಕೇಳಬಾರದು? ಹಾಲು ಕರೆಯುವ ಕೈ ನಿಮ್ಮದು. ನೀವು ಮೂರು ತಿಂಗಳು ಹಾಸಿಗೆ ಹಿಡಿದರೆ ಆ ಮನೆಯ ಹಾಲು ಸಂಘಕ್ಕೆ ಬರುವುದಿಲ್ಲ.

ತಿಂಗಳ ಹಿಂದೆ ಆ ಅಕ್ಕನ ಮನೆಗೆ ಮತ್ತೆ ಹೋಗಿದ್ದೆ. ಬಚ್ಚಲಲ್ಲಿ ಗೀರು ಹಾಕಿದ ಹೊಸ ನೆಲ, ಗೋಡೆಗೆ ಒಂದು ಪೈಪು. "ಈಗ ಅತ್ತೆ ಅದನ್ನ ಹಿಡ್ಕೊಂಡು ತಾವೇ ಸ್ನಾನ ಮಾಡ್ತಾರೆ ಮೇಡಂ" ಎಂದರು. ಬಣ್ಣ ಇನ್ನೂ ಬಳಿದಿಲ್ಲ. ಅವಸರವೇನಿಲ್ಲ ಎಂದೆ.

ನೀವು ಇವತ್ತು ಸಂಜೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಬಚ್ಚಲಲ್ಲಿ ಒಂದು ಬಕೆಟ್ ನೀರು ಸುರಿದು ನೋಡಿ. ನೀರು ನಿಂತ ಜಾಗಕ್ಕೆ ಇದ್ದಿಲಿನಿಂದ ಒಂದು ಗುರುತು ಹಾಕಿ. ಕೆಲಸ ಅಲ್ಲಿಂದ ಶುರುವಾಗಲಿ.